ಏರ್‌ಶೋ: ಹಾರ್ತಿರೋ ಯುದ್ಧವಿಮಾನವನ್ನು ಐದು ಸೆಕೆಂಡಿನಲ್ಲಿ ಗುರುತು ಹಿಡಿಯೋದು ಹೇಗೆ?

ರನ್‌ವೇ_ಬೇಲಿ:

ನೆಲದ ಮೇಲೆ ನಿಲ್ಲಿಸಿರೋ ವಿಮಾನಗಳ ಮುಂದೆ ಹೆಸರಿನ ಫಲಕ ಇರುತ್ತೆ, ಅದಕ್ಕೆ ತೊಂದರೆ ಇಲ್ಲ. ನನ್ನ ಪ್ರಶ್ನೆ ಹಾರಾಟದ ಹೊತ್ತಿನದು. ಫೈಟರ್ ಗಂಟೆಗೆ 800 ಕಿ.ಮೀ. ವೇಗದಲ್ಲಿ ಎದುರಿಂದ ಹಾದುಹೋದರೆ ಒಂದು ಕಿಲೋಮೀಟರ್ ಮುಗಿಯೋದು ನಾಲ್ಕೂವರೆ ಸೆಕೆಂಡಿನಲ್ಲಿ. ಅಷ್ಟರಲ್ಲಿ ಏನು ನೋಡಬೇಕು, ಯಾವುದನ್ನು ಮೊದಲು ನೋಡಬೇಕು?

ಎಡವಟ್ಟಾಗೋದು ಮುಖ್ಯವಾಗಿ ಎರಡು ಕಡೆ. ಎರಡು ಬಾಲದವೆಲ್ಲ (ಮಿಗ್-29, ಸುಖೋಯ್, ಎಫ್-15, ಎಫ್/ಎ-18) ಒಂದೇ ಅಚ್ಚಿನಲ್ಲಿ ಹೊಯ್ದ ಹಾಗೆ ಕಾಣ್ತವೆ. ತ್ರಿಕೋನ ರೆಕ್ಕೆಯವುಗಳದ್ದೂ ಅದೇ ಕಥೆ. ಪುಸ್ತಕದಲ್ಲಿ ಪಟ ನೋಡುವಾಗ ಎಲ್ಲ ಬೇರೆ ಬೇರೆ, ತಲೆ ಎತ್ತಿದರೆ ಎಲ್ಲವೂ ಕಪ್ಪು ಆಕೃತಿ. ಸರಕು ವಿಮಾನ, ಹೆಲಿಕಾಪ್ಟರ್ ಬಗ್ಗೆಯೂ ಗೊತ್ತಿದ್ದವರು ಹೇಳಿ. ಬೈನಾಕ್ಯುಲರ್ ಎಷ್ಟು ಪವರಿನದು ಸಾಕು ಅನ್ನೋದೂ ಬೇಕು.

ಹಿಂಬಾಲಕ:

ಹೆಸರು ಹುಡುಕೋಕೆ ಹೊರಟರೆ ಐದು ಸೆಕೆಂಡು ಸಾಲಲ್ಲ. ಅಲ್ಲದ್ದನ್ನು ಒಂದೊಂದಾಗಿ ಹೊಡೆದುಹಾಕ್ತಾ ಬನ್ನಿ, ಉಳಿದದ್ದರ ಹೆಸರು ತಾನಾಗಿ ಬಾಯಿಗೆ ಬರುತ್ತೆ.

ನೆಲದಿಂದ ವಿಮಾನ ಪತ್ತೆ ಹಚ್ಚೋರಿಗೆ ವೆಫ್ಟ್ ಅಂತ ಒಂದು ಹಳೇ ಕ್ರಮ ಕಲಿಸ್ತಾರೆ: ರೆಕ್ಕೆ, ಎಂಜಿನ್, ಒಡಲು, ಬಾಲ. ಕ್ರಮ ಒಳ್ಳೇದೇ. ಆದರೆ ಏರ್‌ಶೋದಲ್ಲಿ ಫೈಟರ್ ನೇರ ಹಾರೋದಕ್ಕಿಂತ ತಿರುಗ್ತಾ, ಮೇಲೇರ್ತಾ ಹೊಟ್ಟೆ, ಬೆನ್ನು, ಹಿಂಬದಿ ತೋರಿಸೋದೇ ಜಾಸ್ತಿ. ಹಾಗಾಗಿ ಫೈಟರ್ ಮಟ್ಟಿಗೆ ಈ ಕ್ರಮವನ್ನು ತಲೆಕೆಳಗು ಮಾಡಿ ಬಾಲದಿಂದ ಶುರು ಮಾಡೋದು ಲಾಭ. ನೆಟ್ಟಗೆ ನಿಂತ ಬಾಲ ಒಂದಾ ಎರಡಾ? ಎಂಜಿನ್ನಿನ ಹಿಂಬಾಯಿ ಒಂದಾ ಎರಡಾ? ಆಫ್ಟರ್‌ಬರ್ನರ್ ಹೊತ್ತಿಸಿ ಮೇಲೇರುವಾಗ ಬೆಂಕಿ ಎಣಿಸಿದರೆ ಎರಡನೇ ಪ್ರಶ್ನೆಗೆ ಉತ್ತರ ಬಂತು. ಇಷ್ಟಕ್ಕೇ ಪಟ್ಟಿ ಬೆರಳೆಣಿಕೆಗೆ ಇಳಿಯುತ್ತೆ.

ಈಗ ನಿಮ್ಮ ಎರಡು ಬಾಲದ ಗುಂಪು. ಇಲ್ಲಿ ನೋಡಬೇಕಾದ್ದು ಎರಡು ಎಂಜಿನ್ ನಡುವಿನ ಜಾಗ. ಸುಖೋಯ್-27 ಮತ್ತು ಅದರ ಮಕ್ಕಳು ಮೊಮ್ಮಕ್ಕಳಿಗೆಲ್ಲ (30, 33, 34, 35) ಆ ನಡುವಿನಿಂದ ಚೇಳಿನ ಕೊಂಡಿ ಥರ ಒಂದು ಉದ್ದನೆ ಕೊಳವೆ ಹಿಂದಕ್ಕೆ ಚಾಚಿರುತ್ತೆ. ಮಿಗ್-29ಕ್ಕೆ ಅದಿಲ್ಲ, ಎಂಜಿನ್ ಬಾಯಿಗಳ ನಡುವೆ ಮೊಂಡಾಗಿ ಮುಗಿಯುತ್ತೆ. ಇನ್ನೊಂದು ಗುರುತು ಬಾಲದ ಕೋನ. ಸುಖೋಯ್‌ದು ನೇರ ನಿಂತಿರುತ್ತೆ, ಮಿಗ್-29ರದ್ದು ಹೊರಕ್ಕೆ ಸುಮಾರು 6 ಡಿಗ್ರಿ ವಾಲಿರುತ್ತೆ. 6 ಡಿಗ್ರಿ ಅಂದರೆ ಪಕ್ಕದಿಂದ ಗೊತ್ತಾಗಲ್ಲ, ನೇರ ಎದುರಿಂದ ಅಥವಾ ಹಿಂದಿನಿಂದಲೇ ನೋಡಬೇಕು.

ಎಫ್-15ಕ್ಕೂ ಬಾಲ ನೇರವೇ, ಆದರೆ ಎರಡು ಎಂಜಿನ್ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಮಿಗ್, ಸುಖೋಯ್ ಎರಡಕ್ಕೂ ಎಂಜಿನ್ ಮಧ್ಯೆ ಅಗಲವಾದ ಕಾಲುವೆ ಇದೆ, ಕೆಳಗಿನಿಂದ ನೋಡಿದರೆ ಎರಡು ಪೆಟ್ಟಿಗೆ ಬೇರೆ ಬೇರೆ ತೂಗುಹಾಕಿದ ಹಾಗಿರುತ್ತೆ. ಎಫ್-15ರ ಹಿಂದಿನ ಅಡ್ಡರೆಕ್ಕೆಯ ಮುಂಚೂಣಿಯಲ್ಲಿ ಒಂದು ಕಚ್ಚು ಇರುತ್ತೆ, ನಾಯಿಹಲ್ಲು ಅಂತಾರೆ. ಹೊಟ್ಟೆ ತೋರಿಸಿ ತಿರುಗಿದಾಗ ಸ್ಪಷ್ಟ ಕಾಣುತ್ತೆ.

ಎಫ್/ಎ-18ರಲ್ಲಿ ಬಾಲಗಳು ಹೊರಕ್ಕೆ ಚೆನ್ನಾಗಿಯೇ ವಾಲಿರುತ್ತವೆ, ಮಿಗ್ ಥರ ಅನುಮಾನಕ್ಕೆ ಬಿಡಲ್ಲ. ಜೊತೆಗೆ ಅವು ಹಿಂದಿನ ಅಡ್ಡರೆಕ್ಕೆಗಿಂತ ಮುಂದೆ ನಿಂತಿರುತ್ತವೆ. ಪಕ್ಕದಿಂದ ನೋಡಿದರೆ ಬಾಲವನ್ನು ಯಾರೋ ಒಂದು ಮಾರು ಮುಂದೆ ನೆಟ್ಟುಬಿಟ್ಟಿದ್ದಾರೆ ಅನ್ನಿಸುತ್ತೆ. ಎಫ್/ಎ-18ರ ಹೆಸರೇ ಹಾರ್ನೆಟ್; ಹಳೇ ಹಾರ್ನೆಟ್ಟಾ ಸೂಪರ್ ಹಾರ್ನೆಟ್ಟಾ ಅನ್ನೋದಕ್ಕೆ ಗಾಳಿ ಬಾಯಿ (ಎಂಜಿನ್ನಿಗೆ ಗಾಳಿ ಒಳಹೋಗೋ ಜಾಗ) ನೋಡಿ. ಹಳೇದರದ್ದು ದುಂಡಗೆ, ಸೂಪರ್‌ದು ಓರೆಯಾಗಿ ಕತ್ತರಿಸಿದ ಚೌಕ ಡಬ್ಬಿ.

ಎಫ್-22 ಮತ್ತು ಎಫ್-35 ಎರಡಕ್ಕೂ ಬಾಲ ವಾಲಿರುತ್ತೆ. 22ಕ್ಕೆ ಎರಡು ಎಂಜಿನ್, ಹಿಂಬಾಯಿ ಚಪ್ಪಟೆ. 35ಕ್ಕೆ ಒಂದೇ ಎಂಜಿನ್, ದುಂಡು ಬಾಯಿ. ಇವೆರಡನ್ನು ಅದಲುಬದಲು ಮಾಡೋಕೆ ನಿಜವಾಗಿಯೂ ಕಷ್ಟಪಡಬೇಕು.

ಗಾತ್ರವನ್ನು ಮಾತ್ರ ನಂಬಬೇಡಿ. ಸುಖೋಯ್-27 ಸುಮಾರು 22 ಮೀಟರ್ ಉದ್ದ, ಮಿಗ್-29 17.3 ಮೀಟರ್. ಕಾಗದದ ಮೇಲೆ ದೊಡ್ಡ ವ್ಯತ್ಯಾಸ. ಆಕಾಶದಲ್ಲಿ ಅಳತೆಗೋಲೇ ಇಲ್ಲ, ಹತ್ತಿರದ ಮಿಗ್ ದೂರದ ಸುಖೋಯ್‌ಗಿಂತ ದೊಡ್ಡದು. ಎರಡು ಅಕ್ಕಪಕ್ಕ ಹಾರಿದಾಗ ಮಾತ್ರ ಗಾತ್ರಕ್ಕೆ ಬೆಲೆ.

ಮೂರು_ಮೂಲೆ:

ಡೆಲ್ಟಾಗಳ, ಅಂದರೆ ತ್ರಿಕೋನ ರೆಕ್ಕೆಯವುಗಳ ವಿಷಯ ನಾನು ಹೇಳುತ್ತೇನೆ. ಇವಕ್ಕೆ ಬಾಲ ಎಣಿಸಿ ಪ್ರಯೋಜನವಿಲ್ಲ, ನೀವು ಗೊಂದಲ ಮಾಡಿಕೊಳ್ಳುವ ಎಲ್ಲದಕ್ಕೂ ಒಂದೇ ಬಾಲ. ಕಣ್ಣು ಮುಂದಕ್ಕೆ ಹೋಗಬೇಕು: ದೊಡ್ಡ ರೆಕ್ಕೆಗಿಂತ ಮುಂದೆ ಪುಟ್ಟ ರೆಕ್ಕೆ ಇದೆಯೇ? ಅದೇ ಕೆನಾರ್ಡ್.

ಇಲ್ಲ ಅಂದರೆ ಬಹುತೇಕ ಮಿರಾಜ್ 2000 ಅಥವಾ ತೇಜಸ್. ಎರಡಕ್ಕೂ ಎಂಜಿನ್ ಒಂದೇ. ಮಿರಾಜ್‌ನ ರೆಕ್ಕೆ ಒಡಲಿನ ಕೆಳಭಾಗಕ್ಕೆ ಕೂತಿದೆ, ತೇಜಸ್‌ದು ಹೆಗಲ ಮೇಲಿದೆ. ರೆಕ್ಕೆಯ ಮುಂಚೂಣಿ ಮಿರಾಜ್‌ನಲ್ಲಿ ಒಡಲಿನಿಂದ ತುದಿಯವರೆಗೆ ಒಂದೇ ಗೆರೆ ಎಳೆದ ಹಾಗೆ. ತೇಜಸ್‌ನಲ್ಲಿ ಆ ಗೆರೆ ಮುರಿದಿದೆ. ಒಡಲಿನ ಹತ್ತಿರ 50 ಡಿಗ್ರಿ ಓರೆ, ಅಲ್ಲಿಂದಾಚೆ 62.5 ಡಿಗ್ರಿ. ತಲೆಯ ಮೇಲೆ ಹಾದುಹೋಗುವಾಗ ಈ ಮುರಿದ ಗೆರೆ ಕಂಡರೆ ಬೇರೆ ಪುರಾವೆ ಬೇಡ. ಹತ್ತಿರದಿಂದ ನೋಡುವುದಾದರೆ ಮಿರಾಜ್‌ನ ಗಾಳಿ ಬಾಯಿಯಲ್ಲಿ ಅರ್ಧ ಸೀಳಿದ ಶಂಕು ಕೂತಿರುತ್ತದೆ, ಬಾಯಿಯ ಹೊರಗೋಡೆಗೆ ಅಂಗೈ ಚಾಚಿದಂಥ ಒಂದು ಸಣ್ಣ ಪಟ್ಟಿ ಅಂಟಿರುತ್ತದೆ. ಆ ಪಟ್ಟಿಯನ್ನೇ ದೂರದಿಂದ ಕೆನಾರ್ಡ್ ಎಂದು ತಿಳಿದು ರಫೇಲ್ ಎನ್ನುವವರಿದ್ದಾರೆ. ಪಟ್ಟಿ ಅಲುಗುವುದಿಲ್ಲ. ಕೆನಾರ್ಡ್ ಹಾರಾಟದ ಉದ್ದಕ್ಕೂ ಮಿಡುಕುತ್ತಲೇ ಇರುತ್ತದೆ, ಇಳಿಯುವಾಗ ಅಂತೂ ಕಣ್ಣಿಗೆ ಹೊಡೆದು ಕಾಣುವಷ್ಟು.

ಕೆನಾರ್ಡ್ ಇದೆ ಅಂದರೆ ಅದು ಎಲ್ಲಿದೆ ಎನ್ನುವುದೇ ಉತ್ತರ. ಟೈಫೂನ್‌ದು ರೆಕ್ಕೆಯಿಂದ ಬಹಳ ದೂರ, ಮೂಗಿನ ಕಡೆಗೆ, ಕಾಕ್‌ಪಿಟ್‌ಗೂ ಮುಂದೆ ಇರುತ್ತದೆ. ರಫೇಲ್‌ದು ಕಾಕ್‌ಪಿಟ್‌ನ ಹಿಂದೆ, ರೆಕ್ಕೆಗೆ ಮುಟ್ಟುವಷ್ಟು ಹತ್ತಿರ. ಗ್ರಿಪೆನ್‌ದೂ ಹತ್ತಿರವೇ, ಗಾಳಿ ಬಾಯಿಗಳ ಹೆಗಲ ಮೇಲೆ ಕೂತಿದೆ. ರಫೇಲ್ ಮತ್ತು ಗ್ರಿಪೆನ್ ನಡುವೆ ಅನುಮಾನ ಬಂದರೆ ಹಿಂದಿನಿಂದ ಎಂಜಿನ್ ಎಣಿಸಿ: ರಫೇಲ್‌ಗೆ ಎರಡು, ಗ್ರಿಪೆನ್‌ಗೆ ಒಂದು.

ಗಾಳಿ ಬಾಯಿ ಇನ್ನೂ ಸುಲಭ. ಟೈಫೂನ್‌ಗೆ ಹೊಟ್ಟೆಯ ಕೆಳಗೆ ಒಂದೇ ಪೆಟ್ಟಿಗೆ, ಕೆಳತುಟಿ ಬಾಗಿ ನಗುವ ಬಾಯಿಯಂತಿರುತ್ತದೆ. ರಫೇಲ್‌ಗೆ ಎರಡೂ ಕೆನ್ನೆಗಳ ಕೆಳಗೆ ಒಂದೊಂದು. ಗ್ರಿಪೆನ್‌ಗೆ ಎರಡು ಪಕ್ಕದಲ್ಲೂ ಚೌಕ ಡಬ್ಬಿ. ಚೀನಾದ ಜೆ-10 ಬಂದರೆ ಅದಕ್ಕೂ ಬಾಯಿ ಕೆಳಗೇ, ಕೆನಾರ್ಡ್ ಕೂಡ ಇದೆ. ಆದರೆ ಎಂಜಿನ್ ಒಂದೇ, ಹೊಟ್ಟೆಯ ಹಿಂಭಾಗದಲ್ಲಿ ಕೆಳಕ್ಕೆ ಚಾಚಿದ ಎರಡು ಸಣ್ಣ ರೆಕ್ಕೆ ಬೇರೆ. ಟೈಫೂನ್‌ನಲ್ಲಿ ಇವೆರಡೂ ಹಾಗಿಲ್ಲ.

ಒಂದು ಎಚ್ಚರಿಕೆ. ಕಾಕ್‌ಪಿಟ್ ಮುಂದೆ ಪೆನ್ನು ಸಿಕ್ಕಿಸಿದಂತೆ ಇಂಧನ ತುಂಬುವ ಕೊಳವೆ ಕಂಡರೆ ರಫೇಲ್ ಎಂದು ಅನೇಕರು ಬರೆಯುತ್ತಾರೆ. ಮಿರಾಜ್ 2000ಕ್ಕೂ ಅದು ಇರಬಹುದು, ತೇಜಸ್‌ನ ನಂತರದ ವಿಮಾನಗಳಿಗೂ ಬಲಗಡೆ ಇದೆ. ಟೈಫೂನ್‌ದು ಒಳಗೆ ಮಡಚಿಕೊಳ್ಳುತ್ತದೆ. ಕೊಳವೆ ಇದ್ದರೆ ಟೈಫೂನ್ ಅಲ್ಲ ಎನ್ನಲು ಮಾತ್ರ ಅದು ಒದಗುತ್ತದೆ, ಅದೂ ಟೈಫೂನ್ ತನ್ನ ಕೊಳವೆಯನ್ನು ಹೊರಗೆ ಚಾಚಿಲ್ಲದಿದ್ದಾಗ.

ನಾಲ್ಕು_ಪಂಖ:

ಮಾರಾಯ್ರೆ, ಎಲ್ಲರೂ ಫೈಟರ್ ಹಿಂದೆಯೇ ಓಡ್ತೀರಿ. ಸರಕು ವಿಮಾನ ನಿಧಾನ ಬರ್ತದೆ, ಹತ್ತಿರ ಬರ್ತದೆ, ಕಣ್ಣು ಪಳಗಿಸೋದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಇದಕ್ಕೆ ಕ್ರಮ ಬೇರೆ: ಮೊದಲು ಎಂಜಿನ್ (ಜೆಟ್ಟೋ ಪ್ರೊಪೆಲರೋ, ಎಷ್ಟು), ಆಮೇಲೆ ಬಾಲದ ಅಡ್ಡರೆಕ್ಕೆ ಎಲ್ಲಿದೆ, ತುದಿಯಲ್ಲೋ ಬುಡದಲ್ಲೋ.

ನಾಲ್ಕು ಜೆಟ್, ಬಾಲದ ತುದಿಯಲ್ಲಿ ಅಡ್ಡರೆಕ್ಕೆ ಅಂದ್ರೆ ಹೆಚ್ಚಾಗಿ ಸಿ-17 ಅಥವಾ ಐಎಲ್-76. ರೆಕ್ಕೆಯ ತುದಿ ನೋಡಿ. ಸಿ-17ರದ್ದು ಮೇಲಕ್ಕೆ ಮಡಚಿದ ಹಾಗಿದೆ, ಐಎಲ್-76ರದ್ದು ಸಾದಾ. ಐಎಲ್‌ಗೆ ಮೂಗಿನ ಕೆಳಗೆ ಗಾಜಿನ ಕೋಣೆ ಉಂಟು, ನ್ಯಾವಿಗೇಟರ್ ಕೂರುವ ಜಾಗ. ಸಿ-17ರ ಒಡಲು ದಪ್ಪ, ಐಎಲ್‌ದು ಅದಕ್ಕೆ ಹೋಲಿಸಿದ್ರೆ ಸಪೂರ.

ನಾಲ್ಕು ಪ್ರೊಪೆಲರ್, ಅಡ್ಡರೆಕ್ಕೆ ಬುಡದಲ್ಲಿ ಅಂದ್ರೆ ಹರ್ಕ್ಯುಲಿಸ್ (ಸಿ-130) ಇರಬೇಕು. ಸಿ-130ಎಚ್‌ಗೆ ಪ್ರತಿ ಎಂಜಿನ್ನಿಗೆ 4 ಬ್ಲೇಡ್, ಸಿ-130ಜೆಗೆ 6, ಅದೂ ಕತ್ತಿಯ ಹಾಗೆ ಬಾಗಿದ್ದು. ತಿರುಗುವಾಗ ಬರಿಗಣ್ಣಿಗೆ ಎಣಿಸ್ಲಿಕ್ಕೆ ಆಗುದಿಲ್ಲ, ಎಂಜಿನ್ ಶುರು ಮಾಡುವಾಗ ಅಥವಾ ಆರಿಸುವಾಗ ಎಣಿಸಿ, ಇಲ್ಲವೇ ಫೋಟೋದಲ್ಲಿ. ಅದೇ ನಾಲ್ಕು ಪ್ರೊಪೆಲರ್ ಇದ್ದು ಅಡ್ಡರೆಕ್ಕೆ ಬಾಲದ ತುದಿಗೆ ಹೋದ್ರೆ ಎ400ಎಂ. ಅದಕ್ಕೆ 8 ಬ್ಲೇಡ್. ಒಂದೇ ರೆಕ್ಕೆಯ ಎರಡು ಪ್ರೊಪೆಲರ್ ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗ್ತವೆ. ಫೋಟೋದಲ್ಲಿ ಬ್ಲೇಡಿನ ಬಾಗು ನೋಡಿದ್ರೆ ಗೊತ್ತಾಗ್ತದೆ, ಒಮ್ಮೆ ನೋಡಿದವರು ಮತ್ತೆ ಮರೆಯುದಿಲ್ಲ.

ಎರಡು ಪ್ರೊಪೆಲರಿನವು: ಎಎನ್-32ರ ಎಂಜಿನ್ ರೆಕ್ಕೆಯ ಬೆನ್ನ ಮೇಲೆ ಎತ್ತರಕ್ಕೆ ಕೂತಿದೆ, ದೊಡ್ಡ ಪ್ರೊಪೆಲರಿಗೆ ಜಾಗ ಬೇಕಲ್ಲ. ಅದರ ಅಣ್ಣ ಎಎನ್-26ಕ್ಕೆ ಹಾಗಿಲ್ಲ. ಸಿ-295 ಮತ್ತು ಸಿಎನ್-235 ಒಂದೇ ಮುಖ. 295 ಸುಮಾರು 3 ಮೀಟರ್ ಉದ್ದ ಜಾಸ್ತಿ, 6 ಬ್ಲೇಡ್, 235ಕ್ಕೆ 4.

ಹೆಲಿಕಾಪ್ಟರಿನಲ್ಲಿ ಒಂದು ಮಜಾ ಉಂಟು. ಎಂಐ-8ಕ್ಕೂ ಎಂಐ-17ಕ್ಕೂ ಒಡಲು ಒಂದೇ. ಬಾಲದ ಚಿಕ್ಕ ಪಂಖ ಎಂಐ-8ರಲ್ಲಿ ಬಲಕ್ಕೆ, ಎಂಐ-17ರಲ್ಲಿ ಎಡಕ್ಕೆ. ಎಡ ಬಲ ಪೈಲಟ್ ಕೂತ ದಿಕ್ಕಿನಿಂದ ಲೆಕ್ಕ, ನಿಮ್ಮ ಕಡೆಯಿಂದ ಅಲ್ಲ. ತಪ್ಪುದು ಹೆಚ್ಚಾಗಿ ಇಲ್ಲೇ. ಬ್ಲ್ಯಾಕ್ ಹಾಕ್, ಅದರ ನೌಕಾಪಡೆಯ ತಮ್ಮ ಸೀಹಾಕ್: ಹಿಂದಿನ ಚಕ್ರ ಬ್ಲ್ಯಾಕ್ ಹಾಕ್‌ಗೆ ಬಾಲದ ತುದಿ ಹತ್ತಿರ, ಸೀಹಾಕ್‌ಗೆ ಒಡಲಿನ ಹತ್ತಿರ ಮುಂದೆ, ಹಡಗಿನ ಸಣ್ಣ ಜಾಗದಲ್ಲಿ ಇಳಿಸ್ಲಿಕ್ಕೆ ಅನುಕೂಲಕ್ಕೆ. ಕೋಬ್ರಾ ಸಾಲಿನ ಎಎಚ್-1ಡಬ್ಲ್ಯೂಗೆ ಮೇಲಿನ ಬ್ಲೇಡ್ 2, ಎಎಚ್-1ಜೆಡ್‌ಗೆ 4. ಇದನ್ನು ಕಿವಿಯಿಂದಲೂ ಹೇಳಬಹುದು, ಎರಡು ಬ್ಲೇಡಿನದ್ದು ಟಪ್ ಟಪ್ ಅಂತ ಬಿಡಿ ಬಿಡಿಯಾಗಿ ಹೊಡೀತದೆ.

ಎಂಟುಬೈನಲವತ್ತೆರಡು:

ಬೈನಾಕ್ಯುಲರ್ ಪ್ರಶ್ನೆಗೆ ಉತ್ತರ ನನ್ನ ಹೆಸರಲ್ಲೇ ಇದೆ. 8x42 ತಗೊಳ್ಳಿ. 8 ಅಂದರೆ ಎಂಟು ಪಟ್ಟು, 42 ಅಂದರೆ ಮುಂದಿನ ಮಸೂರದ ವ್ಯಾಸ ಮಿಲಿಮೀಟರ್‌ನಲ್ಲಿ. 10ಕ್ಕಿಂತ ಜಾಸ್ತಿ ಪವರಿನದು ಕೈಯಲ್ಲಿ ನಡುಗುತ್ತೆ, ನೋಟದ ಅಗಲವೂ ಕಿರಿದಾಗುತ್ತೆ. ಲೆಕ್ಕ ನೋಡಿ: 8 ಪವರಿನದರಲ್ಲಿ 1000 ಮೀಟರ್ ದೂರದಲ್ಲಿ ಕಾಣೋ ಅಗಲ ಸುಮಾರು 130 ಮೀಟರ್. ಗಂಟೆಗೆ 800 ಕಿ.ಮೀ. ಅಂದರೆ ಸೆಕೆಂಡಿಗೆ 222 ಮೀಟರ್. ನೀವು ಕೈ ಅಲುಗಿಸದೆ ಹಿಡಿದರೆ ವಿಮಾನ ಅರ್ಧ ಸೆಕೆಂಡು ಚಿಲ್ಲರೆಯಲ್ಲಿ ದಾಟಿಹೋಯ್ತು. ಹಾಗಾಗಿ ಸೊಂಟದಿಂದ ಮೇಲೆ ಇಡೀ ಮೈ ತಿರುಗಬೇಕು, ಬರೀ ಕೈ ತಿರುಗಿಸಿದರೆ ಹಿಂದೆ ಬೀಳ್ತೀರಿ.

ಫೋಕಸ್ ಮೊದಲೇ ದೂರದ ಯಾವುದಾದರೂ ಕಟ್ಟಡಕ್ಕೆ ಕೂರಿಸಿಟ್ಟು ಆಮೇಲೆ ಮುಟ್ಟಬೇಡಿ. ವಿಮಾನವನ್ನು ಬರಿಗಣ್ಣಲ್ಲಿ ಹಿಡಿದು, ಕಣ್ಣು ಅದರ ಮೇಲಿಂದ ತೆಗೀದೆ, ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಬೈನಾಕ್ಯುಲರನ್ನೊಮ್ಮೆ, ಆಕಾಶವನ್ನೊಮ್ಮೆ ನೋಡ್ತಾ ಕೂತರೆ ವಿಮಾನ ಸಿಗಲ್ಲ. ಸೂರ್ಯನ ಕಡೆ ಹೋಗೋ ವಿಮಾನವನ್ನು ಬೈನಾಕ್ಯುಲರಿನಲ್ಲಿ ಹಿಂಬಾಲಿಸಲೇಬೇಡಿ, ಕಣ್ಣೇ ಹೋಗುತ್ತೆ.

ಸದ್ದು ಬಂದ ಕಡೆ ನೋಡೋದು ಇನ್ನೊಂದು ತಪ್ಪು. ಸದ್ದು ಸೆಕೆಂಡಿಗೆ 340 ಮೀಟರ್ ಓಡುತ್ತೆ. ಅರ್ಧ ಕಿಲೋಮೀಟರ್ ದೂರದಿಂದ ನಿಮ್ಮ ಕಿವಿಗೆ ಬರೋಕೆ ಒಂದೂವರೆ ಸೆಕೆಂಡು. ಅಷ್ಟರಲ್ಲಿ ಫೈಟರ್ 300 ಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತೆ. ಸದ್ದಿಗಿಂತ ಮುಂದಕ್ಕೆ ಹುಡುಕಿ.

ಗುರುತಿಗೆ ಫೋಟೋ ತೆಗೆಯೋದಾದರೆ ಜೆಟ್‌ಗೆ ಶಟರ್ 1/1000 ಅಥವಾ ಇನ್ನೂ ವೇಗ. ಪ್ರೊಪೆಲರ್ ಇದ್ದರೆ 1/250ಕ್ಕೆ ಇಳಿಸಿ, ಇಲ್ಲದಿದ್ದರೆ ಬ್ಲೇಡ್ ಕಲ್ಲಾಗಿ ನಿಂತು ಎಂಜಿನ್ ಕೆಟ್ಟ ವಿಮಾನದಂತೆ ಕಾಣುತ್ತೆ. ಬ್ಲೇಡ್ ಎಣಿಸೋದೇ ಉದ್ದೇಶ ಆಗಿದ್ದರೆ ಮಾತ್ರ ಬೇಕಂತಲೇ ವೇಗ ಇಟ್ಟುಕೊಳ್ಳಿ. ಮೋಡದ ಬಿಳಿ ಹಿನ್ನೆಲೆ ಇದ್ದರೆ ಎಕ್ಸ್‌ಪೋಷರ್ +1ಕ್ಕೆ ಏರಿಸಿ. ಆಕಾಶ ಸುಟ್ಟು ಬಿಳಿಯಾದರೂ ಹೊಟ್ಟೆಯ ವಿವರ ಸಿಗುತ್ತೆ, ನಿಮಗೆ ಬೇಕಿರೋದೂ ಅದೇ.

ಮೊಬೈಲ್ ಆ್ಯಪ್ ನಂಬಿ ಹೋಗಬೇಡಿ. ಅವು ತೋರಿಸೋದು ವಿಮಾನವೇ ತನ್ನ ಜಾಗ ಬಿತ್ತರಿಸಿದಾಗ. ಸರಕು ವಿಮಾನ ಹಲವು ಸಲ ಕಾಣಿಸುತ್ತೆ, ಫೈಟರ್ ಬಹುತೇಕ ಕಾಣಿಸಲ್ಲ.

ಮೂರು_ಮೂಲೆ:

ಬಣ್ಣ ಮತ್ತು ವೃತ್ತಚಿಹ್ನೆಯ (ಆಯಾ ದೇಶದ ವಾಯುಪಡೆಯ ದುಂಡು ಗುರುತು) ಬಗ್ಗೆ ಯಾರೂ ಹೇಳಲಿಲ್ಲ. ದೇಶ ಗೊತ್ತಾದರೆ ವಿಮಾನದ ಆಯ್ಕೆ ಕಡಿಮೆಯಾಗುತ್ತದೆ, ನಿಜ. ಆದರೆ ಇಲ್ಲಿಯೂ ಹಳ್ಳ ಇದೆ. ಬ್ರಿಟನ್‌ದು ನಡುವೆ ಕೆಂಪು, ಹೊರಗೆ ನೀಲಿ. ಫ್ರಾನ್ಸ್‌ದು ನಡುವೆ ನೀಲಿ, ಹೊರಗೆ ಕೆಂಪು. ಭಾರತದ್ದು ನಡುವೆ ಹಸಿರು, ಬಿಳಿ, ಹೊರಗೆ ಕೇಸರಿ. ಇಟಲಿಯದು ನಡುವೆ ಹಸಿರು, ಬಿಳಿ, ಹೊರಗೆ ಕೆಂಪು. ಮಬ್ಬು ಬೆಳಕಲ್ಲಿ ಕೇಸರಿ ಕೆಂಪಾಗಲು ಎಷ್ಟು ಹೊತ್ತು? ಮೇಲಾಗಿ ಅನೇಕ ವಾಯುಪಡೆಗಳು ಚಿಹ್ನೆಯನ್ನೇ ಬೂದಿ ಬಣ್ಣದಲ್ಲಿ ಬಳಿಯುತ್ತವೆ.

ಬಾಲದ ಅಕ್ಷರ, ಸಂಖ್ಯೆ ಇದಕ್ಕಿಂತ ಗಟ್ಟಿ. ಅಮೆರಿಕದ ವಾಯುಪಡೆಯಲ್ಲಿ ಬಾಲದ ಮೇಲಿನ ಎರಡು ದೊಡ್ಡ ಅಕ್ಷರ ನೆಲೆಯನ್ನು ಹೇಳುತ್ತದೆ, ಎಲ್‌ಎನ್ ಅಂದರೆ ಲೇಕನ್‌ಹೀತ್, ಡಬ್ಲ್ಯೂಎ ಅಂದರೆ ನೆಲಿಸ್. ಪಕ್ಕದ ಸಣ್ಣ ಎರಡು ಅಂಕಿ ಆ ವಿಮಾನಕ್ಕೆ ಹಣ ಮಂಜೂರಾದ ಆರ್ಥಿಕ ವರ್ಷ. ಭಾರತದ ರಫೇಲ್‌ಗಳಲ್ಲಿ ಆರ್‌ಬಿ ಎಂದು ಶುರುವಾದರೆ ಎರಡು ಸೀಟಿನದು, ಬಿಎಸ್ ಎಂದರೆ ಒಂದು ಸೀಟಿನದು. ಹಾರುವಾಗ ಓದಲು ಆಗದಿದ್ದರೂ ಫೋಟೋ ಹಿಗ್ಗಿಸಿದರೆ ಸಿಗುತ್ತದೆ.

ರನ್‌ವೇ_ಬೇಲಿ:

ಎಲ್ಲರಿಗೂ ಧನ್ಯವಾದ. ಈಗ ಒಂದು ಫೋಟೋ ಇಟ್ಕೊಂಡು ಕೇಳ್ತೀನಿ, ಫೋಟೋ ಇಲ್ಲಿ ಹಾಕೋಕೆ ಆಗ್ತಿಲ್ಲ. ಎರಡು ಬಾಲ, ಸ್ವಲ್ಪ ಹೊರಕ್ಕೆ ವಾಲಿವೆ. ಕೆನಾರ್ಡ್ ಇಲ್ಲ. ಹಿಂದೆ ಕೊಂಡಿ ಇಲ್ಲ. ದಟ್ಟ ಕಪ್ಪು ಹೊಗೆ. ಇನ್ನೊಂದು ಫೋಟೋದಲ್ಲಿ ಅದೇ ವಿಮಾನ ರನ್‌ವೇ ಕಡೆ ಉರುಳ್ತಾ ಹೋಗ್ತಿದೆ. ಗಾಳಿ ಬಾಯಿ ಮುಚ್ಚಿರೋ ಹಾಗಿದೆ! ಎಂಜಿನ್ ಓಡ್ತಿರುವಾಗ ಬಾಯಿ ಮುಚ್ಚಿದ್ದರೆ ಗಾಳಿ ಎಲ್ಲಿಂದ?

ಹಿಂಬಾಲಕ:

ಆ ಮುಚ್ಚಿದ ಬಾಯಿಯೇ ನಿಮ್ಮ ಉತ್ತರ, ಅದು ಮಿಗ್-29. ಒರಟು ರನ್‌ವೇಯಿಂದಲೂ ಹಾರಬೇಕು ಅಂತ ಮಾಡಿದ ವಿಮಾನ. ಮುಂಚಕ್ರ ಎರಚುವ ಕಲ್ಲು ಮಣ್ಣು ಎಂಜಿನ್ನಿಗೆ ಹೋಗಬಾರದು ಅಂತ ನೆಲದ ಮೇಲಿರುವಾಗ ಕೆಳಗಿನ ಬಾಯಿಗೆ ಬಾಗಿಲು ಬೀಳುತ್ತೆ. ಗಾಳಿ ಮೇಲಿಂದ ಬರುತ್ತೆ: ಕಾಕ್‌ಪಿಟ್ ಪಕ್ಕದಿಂದ ಹಿಂದಕ್ಕೆ ಹೋಗೋ ರೆಕ್ಕೆಬುಡದ ಬೆನ್ನ ಮೇಲೆ ಕಿಟಕಿ ಪಟ್ಟಿಗಳ ಥರ ಸಾಲು ಸೀಳುಗಳಿವೆ, ಅವು ತೆರ್ಕೊಳ್ತವೆ. ಓಟದಲ್ಲಿ ವೇಗ ಬಂದ ಮೇಲೆ ಕೆಳಬಾಗಿಲು ತೆರೆದು ಮೇಲಿನವು ಮುಚ್ಚಿಕೊಳ್ತವೆ. ಸುಖೋಯ್-27ರಲ್ಲಿ ಬಾಗಿಲಿಲ್ಲ, ಬಾಯಿಯೊಳಗೆ ಜಾಲರಿ ಮೇಲೇಳುತ್ತೆ. ನೆಲದ ಮೇಲೆ ಇವೆರಡನ್ನು ಬೇರೆ ಮಾಡೋಕೆ ಇದಕ್ಕಿಂತ ಸುಲಭದ ಗುರುತು ಇಲ್ಲ.

ಹೊಗೆಯೂ ಹೊಂದುತ್ತೆ, ಮಿಗ್-29ರ ಹಳೇ ಆರ್‌ಡಿ-33 ಎಂಜಿನ್ ಹೊಗೆಗೆ ಹೆಸರುವಾಸಿ. ಆದರೆ ಹೊಗೆಯೊಂದನ್ನೇ ನೋಡಿ ಹೆಸರು ಬರೀಬೇಡಿ, ಮಿಗ್-29ಕೆ ಥರದ ಹೊಸವುಗಳಲ್ಲಿ ಹೊಗೆ ಕಡಿಮೆ ಮಾಡಿದ್ದಾರೆ. ಆ ಹೊಸವುಗಳಲ್ಲಿ ಬೆನ್ನಿನ ಸೀಳುಗಳೂ ಇಲ್ಲ, ಬಾಯೊಳಗೆ ಜಾಲರಿ ಬಂದಿದೆ. ಅಂದರೆ ನಿಮ್ಮದು ಹಳೇ ಸಾಲಿನದ್ದು.

ಇನ್ನೂ ಒಂದು ಹೆಜ್ಜೆ ಹೋಗಬೇಕಂದ್ರೆ ಪಕ್ಕದಿಂದ ತೆಗೆದ ಫೋಟೋದಲ್ಲಿ ಕಾಕ್‌ಪಿಟ್ ಹಿಂದಿನ ಬೆನ್ನು ನೋಡಿ. ಉಬ್ಬಿ ಗೂನಾಗಿದ್ದರೆ ಮಿಗ್-29ರ 9.13 ಮಾದರಿ, ನುಣ್ಣಗೆ ಇಳಿದಿದ್ದರೆ 9.12 ಮಾದರಿ. ಸೀಟು ಎರಡಿದ್ದರೆ ಇವೆರಡೂ ಅಲ್ಲ, ತರಬೇತಿಯ ಯುಬಿ. ಅದರ ಮೂಗಲ್ಲಿ ರೇಡಾರ್ ಇಲ್ಲ.

ರನ್‌ವೇ_ಬೇಲಿ:

ಹಿಗ್ಗಿಸಿ ನೋಡಿದೆ. ಸೀಟು ಒಂದೇ, ಸೀಳುಗಳು ತೆರೆದಿವೆ, ಬೆನ್ನು ನುಣ್ಣಗಿದೆ. ಮೂಗಿನ ಮೇಲೆ ಗಾಜಿನ ಮುಂದೆ ಗೋಲಿಯಂಥದ್ದು ಒಂದಿದೆ, ಮಧ್ಯಕ್ಕಿಲ್ಲ, ಪೈಲಟ್‌ನ ಬಲಕ್ಕೆ ಸರಿದಿದೆ. ಅದೇನು?

ಹಿಂಬಾಲಕ:

9.12 ಹಾಗಾದರೆ. ಗೋಲಿ ಶಾಖ ಹಿಡಿಯೋ ಸೆನ್ಸರ್, ಮಿಗ್-29ರಲ್ಲಿ ಬಲಕ್ಕೇ ಇರೋದು. ಮೂಲ ಸುಖೋಯ್-27ರಲ್ಲಿ ನಟ್ಟ ನಡುವೆ, ಸುಖೋಯ್-30 ಎಂಕೆಐ ಮತ್ತು 35ರಲ್ಲಿ ಮತ್ತೆ ಬಲಕ್ಕೆ. ಆದ್ದರಿಂದ ಗೋಲಿ ನೋಡಿ ಮಿಗ್ ಅನ್ನಬೇಡಿ, ಸುಖೋಯ್ ಅಂತ ಗೊತ್ತಾದ ಮೇಲೆ ಯಾವ ಸುಖೋಯ್ ಅನ್ನೋದಕ್ಕೆ ಇಟ್ಟುಕೊಳ್ಳಿ.